ನಮ್ಮ ಜಲ್ಲಿ ರಸ್ತೆಯ ಮೇಲೆ ಪ್ರೀತಿ ಬಂದ ಹಲ್ಲಿನ ಡಾಕ್ಟರರಿಗೆ

ಮಾನ್ಯರೇ,

ಗ್ರಾವೆಲ್, ಅಂದರೆ ನಮ್ಮ ಜಲ್ಲಿಯೇ, ಅದರ ಮೇಲೆ ಓಡಿಸುವ ಸೈಕಲ್ ಸಂಘದ ಅಧ್ಯಕ್ಷರೂ ಪೇಟೆಯ ಹೆಸರಾಂತ ಹಲ್ಲಿನ ಡಾಕ್ಟರೂ ಆದ ತಮಗೆ, ನೀರಿನ ಟ್ಯಾಂಕಿನ ಹತ್ತಿರ ಡಾಂಬರು ಮುಗಿದು ಜಲ್ಲಿ ಶುರುವಾಗುವಲ್ಲಿ ಇರುವ ಮೊದಲನೇ ಮನೆಯ ಮುದುಕಿಯು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ಭಾನುವಾರ ಬೆಳಿಗ್ಗೆ ಆರೂವರೆಗೆ ತಾವು ಎಬ್ಬಿಸಿ ಹೋಗುವ ಧೂಳು ಹನ್ನೊಂದು ಗಂಟೆಯವರೆಗೂ ನನ್ನ ಒಣಹಾಕಿದ ಬಟ್ಟೆಗಳ ಮೇಲೆ ಕೂತು ತಮ್ಮ ಆರೋಗ್ಯದ ಸಮಾಚಾರ ಹೇಳುತ್ತಲೇ ಇರುತ್ತದೆ.

ತಮ್ಮನ್ನು ನಾನು ಮೊದಲು ಕಂಡದ್ದು ಆರು ವರ್ಷದ ಹಿಂದೆ, ತಾವಿನ್ನೂ ಸಣ್ಣ ಟೈರಿನವರಾಗಿದ್ದ ಕಾಲದಲ್ಲಿ. ಆಗ ತಮ್ಮ ಸಂಘದ ನಲವತ್ತೊಂದು ಮಂದಿಯೂ ಮೈಗೆ ಬಣ್ಣ ಬಳಿದಂತೆ ಅಂಟುವ ಬಟ್ಟೆ ತೊಟ್ಟು, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲಿಗೆ ಮೂಗು ತಾಗಿಸಿ, ಎರಡು ಬೆರಳಗಲದ ಟೈರಿನ ಮೇಲೆ ಸುಯ್ಯೆಂದು ಬಂದು, ಡಾಂಬರು ಮುಗಿದ ಗೆರೆಯ ಹತ್ತಿರ ಮಾತ್ರ ಎದುರಿಗೆ ಹಾವು ಹೆಡೆ ಎತ್ತಿದೆಯೋ ಎಂಬಂತೆ ಬ್ರೇಕು ಹಿಡಿದು ನಿಲ್ಲುತ್ತಿದ್ದಿರಿ. ಬಾಯಾರಿ ನನ್ನ ನಲ್ಲಿಯ ನೀರು ಕೇಳುತ್ತಿದ್ದಿರಿ. ನಾನು ಇಲ್ಲವೆನ್ನುತ್ತಿರಲಿಲ್ಲ. ಮೊದಲು ಸಹಿ, ಆಮೇಲೆ ನೀರು, ಅಷ್ಟೆ. ಟ್ಯಾಂಕಿನಿಂದ ಗುಡ್ಡದ ತನಕ ಡಾಂಬರು ಹಾಕಿಸಿಕೊಡಿ ಎಂದು ರಸ್ತೆ ಇಲಾಖೆಗೆ ನಾನು ಬರೆದಿಟ್ಟಿದ್ದ ಅರ್ಜಿಗೆ ಹೀಗೆ ನಲವತ್ತೊಂದು ಸಹಿ ಬಿದ್ದವು. ತಾವಂತೂ ಒಂದು ಚೊಂಬಿನ ಬದಲು ಎರಡು ಚೊಂಬು ಕುಡಿದು, ಆ ಋಣಕ್ಕೆ "ಜಲ್ಲಿ ರಸ್ತೆಯು ನಾಗರಿಕ ಸಮಾಜಕ್ಕೆ ಕಳಂಕ" ಎಂಬ ಸಾಲನ್ನು ಸ್ವಂತ ಕೈಯಿಂದ ಸೇರಿಸಿದಿರಿ. ಅಷ್ಟು ಚೆಂದದ ಸಾಲು ನನ್ನ ಕೈಯಿಂದ ಬರುತ್ತಿರಲಿಲ್ಲ.

ಡಾಂಬರು ನನಗೇಕೆ ಬೇಕಿತ್ತೆಂದು ತಮಗೆ ಗೊತ್ತು, ಆದರೂ ಈ ಪತ್ರ ಅಚ್ಚಾಗುವ ಪತ್ರಿಕೆ ಓದುವ ನಾಲ್ಕು ಜನಕ್ಕೂ ತಿಳಿಯಲೆಂದು ಬರೆಯುತ್ತೇನೆ. ಈ ಜಲ್ಲಿಯ ಮೇಲೆ ಇರುವುದು ಎರಡೇ ಮನೆ. ಈ ತುದಿಯದು ನನ್ನದು, ನಾನೂರು ಹೆಜ್ಜೆ ಆಚೆಗಿರುವುದು ನನ್ನ ವಾರಗಿತ್ತಿಯದು, ಅಂದರೆ ನನ್ನ ಮೈದುನನ ಹೆಂಡತಿಯದು. ಅಣ್ಣತಮ್ಮಂದಿರು ಇಬ್ಬರೂ ಹೋದ ಮೇಲೆ ಉಳಿದವರು ನಾವಿಬ್ಬರೇ. ಆಕೆಯ ಕಾಲು ಬಿದ್ದು ಒಂಬತ್ತು ವರ್ಷ, ಇರುವುದು ಗಾಲಿಕುರ್ಚಿಯಲ್ಲಿ. ದಿನಾ ನಾಲ್ಕು ಗಂಟೆಗೆ ನಾನು ಉಣ್ಣೆಯ ಚೀಲ ಹಿಡಿದು ಹೋಗುವುದು, ಆಕೆ ಎರಡೂ ಕೈಗೆ ನೂಲಿನ ಲಡಿ ತೊಡಿಸಿಕೊಂಡು ಕೂರುವುದು, ನಾನು ಎಳೆದೆಳೆದು ಉಂಡೆ ಸುತ್ತುವುದು, ಉಂಡೆ ಮುಗಿಯುವ ತನಕ ಇಬ್ಬರೂ ಜಗಳ ಆಡುವುದು, ಹೀಗೆ ನಡೆದುಕೊಂಡು ಬಂದಿತ್ತು. ಲಡಿ ಹಿಡಿದವಳು ಎದ್ದುಹೋಗುವಂತಿಲ್ಲ, ಸುತ್ತುವವಳು ಬಿಟ್ಟುಹೋಗುವಂತಿಲ್ಲ. ಜಗಳಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಕೋರ್ಟಿನಲ್ಲಿಯೂ ಇರಲಾರದು. ಆಗಲೇ ನನ್ನ ಮಂಡಿ ಕೈಕೊಡತೊಡಗಿತ್ತು. ಮುಂದೊಂದು ದಿನ ನಾನು ಅಲ್ಲಿಗೆ ಹೋಗಲಾರದೆ ಆಕೆಯೇ ಬರಬೇಕಾಗುತ್ತದೆಂದು ಗೊತ್ತಿತ್ತು. ಆದರೆ ಆ ಕುರ್ಚಿಯ ಮುಂದಿನ ಪುಟ್ಟ ಚಕ್ರಗಳು ಜಲ್ಲಿ ಕಂಡರೆ ಹಟಮಾರಿ ಮಕ್ಕಳ ಹಾಗೆ ಅಲ್ಲೇ ಕೂತುಬಿಡುತ್ತಿದ್ದವು. ನನ್ನ ಅರ್ಜಿ ಇಷ್ಟಕ್ಕಾಗಿ.

ಇಲಾಖೆಯವರು ಅರ್ಜಿಯನ್ನು ನಾಲ್ಕು ವರ್ಷ ಮಾಗಲು ಬಿಟ್ಟು, ಕಡೆಗೆ ಒಂದು ದಿನ ಡಾಂಬರಿನ ಪೀಪಾಯಿಗಳನ್ನೂ ರೋಡ್ ರೋಲರನ್ನೂ ಕಳಿಸಿಯೇಬಿಟ್ಟರು. ಆ ದಿನ ರೋಲರಿನ ಮುಂದೆ ಜಲ್ಲಿಯ ಮೇಲೆ ಅಂಗಾತ ಮಲಗಿದ್ದ ನಲವತ್ತೊಂದು ಮಂದಿಯನ್ನು ನಾನು ಎಣಿಸಬೇಕಾಗಲಿಲ್ಲ, ಮುಖಪರಿಚಯವಿತ್ತು. ಅಷ್ಟರಲ್ಲಿ ತಮ್ಮೆಲ್ಲರ ಟೈರು ದಪ್ಪವಾಗಿತ್ತು, ಬಟ್ಟೆ ಸಡಿಲವಾಗಿತ್ತು, ಗಡ್ಡ ಬಂದಿತ್ತು. ತಾವು ಮಲಗಿದಲ್ಲಿಂದಲೇ ತಲೆ ಎತ್ತಿ, "ಅಜ್ಜೀ, ಈಗ ರೋಡ್ ಸೈಕಲ್ ಯಾರೂ ಹೊಡೆಯಲ್ಲ, ಅದೆಲ್ಲ ಹಳೇ ಕಾಲದ್ದು, ಈಗ ಎಲ್ಲಾ ಗ್ರಾವೆಲ್ಲೇ! ಇಂಥ ಜಲ್ಲಿ ನೂರು ಮೈಲಿ ಹುಡುಕಿದ್ರೂ ಸಿಗಲ್ಲ!" ಎಂದು ಕಣ್ಣಲ್ಲಿ ನೀರು ತಂದುಕೊಂಡಿರಿ. ರೋಲರಿನ ಡ್ರೈವರು ಇಳಿದು ಬಂದು, "ಅಮ್ಮಾ, ಇವರು ಬೇಕು ಅಂದೋರಾ, ಬೇಡ ಅಂದೋರಾ?" ಎಂದು ನನ್ನನ್ನು ಕೇಳಿದ. ಎರಡೂ ಇವರೇ ಕಣಪ್ಪಾ ಎಂದೆ. ಅವನು ಬೀಡಿ ಹಚ್ಚಿಕೊಂಡು ಪಕ್ಕದಲ್ಲಿ ಕೂತ. ಇಲಾಖೆಯ ಇಂಜಿನಿಯರು ನನ್ನ ಅರ್ಜಿಯನ್ನೂ, ಡಾಂಬರು ಬೇಡವೆಂದು ತಾವು ಆ ದಿನ ಕೊಟ್ಟ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟು, ಅವೇ ಹೆಸರು, ಅವೇ ಸಹಿ ಕಂಡು, ಎರಡನ್ನೂ ಸ್ವೀಕರಿಸಲಾಗಿದೆ ಎಂದು ಬರೆದು, ರೋಲರಿನ ಸಮೇತ ಹೊರಟುಹೋದರು.

ತಮ್ಮ ದೊಡ್ಡ ಮನಸ್ಸನ್ನು ಇಲ್ಲಿ ಹೊಗಳದಿದ್ದರೆ ನನ್ನ ಬಾಯಿ ಬಿದ್ದುಹೋದೀತು. ನಯವಾದ ರಸ್ತೆ ಮನೆಬಾಗಿಲಲ್ಲೇ ಇದ್ದರೂ ಅದನ್ನು ಬಿಟ್ಟು, ಸೈಕಲನ್ನು ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಅದೇ ನಯವಾದ ರಸ್ತೆಯಲ್ಲಿ ಬಂದು, ಜಲ್ಲಿ ಸಿಕ್ಕ ಮೇಲೆ ಇಳಿಸಿ ಹತ್ತುವ ತ್ಯಾಗ ಸಾಮಾನ್ಯರಿಗೆ ಬರುವಂಥದ್ದಲ್ಲ. ಸಣ್ಣ ಟೈರಿನವರಾಗಿದ್ದಾಗ ತಾವು ಎಷ್ಟು ಬೇಗ ಬಂದೆವೆಂದು ಹೇಳಿಕೊಳ್ಳುತ್ತಿದ್ದಿರಿ, ದಪ್ಪ ಟೈರಿನವರಾದ ಮೇಲೆ ಎಷ್ಟು ಸಲ ಬಿದ್ದೆವೆಂದು ಹೇಳಿಕೊಳ್ಳುತ್ತೀರಿ. ಇದನ್ನೇ ಬೆಳವಣಿಗೆ ಎನ್ನುತ್ತಾರೇನೋ. ಜಲ್ಲಿಯ ಮೇಲೆ ನಲವತ್ತೊಂದು ದವಡೆಗಳು ವಾರವಾರವೂ ಗಡಗಡ ಅಲುಗಾಡುವುದಕ್ಕೂ ಸಂಘದ ಅಧ್ಯಕ್ಷರು ಹಲ್ಲಿನ ಡಾಕ್ಟರಾಗಿರುವುದಕ್ಕೂ ಸಂಬಂಧವಿದೆಯೆಂದು ನಾನು ಯಾರ ಮುಂದೆಯೂ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ, ಅಷ್ಟೆ.

ತಮ್ಮ ಸಂಘಕ್ಕೆ ನಾನು ಅಂದು ಮಾಡಿಕೊಂಡ ವಿನಂತಿ ಚಿಕ್ಕದು. ಜಲ್ಲಿಯು ಭಾನುವಾರ ಆರೂವರೆಯಿಂದ ಒಂಬತ್ತರ ತನಕ ಜಲ್ಲಿಯಾಗಿದ್ದು, ಮಿಕ್ಕ ಹೊತ್ತು ಡಾಂಬರಾಗಿರಲಿ ಎಂದೆ. ಆಗದಿದ್ದರೆ ಡಾಂಬರನ್ನು ಚಾಪೆಯ ಹಾಗೆ ಮಾಡಿಸಿಕೊಡಿ, ನಾಲ್ಕು ಗಂಟೆಗೆ ಹಾಸಿ ಆರಕ್ಕೆ ಸುತ್ತಿಡುತ್ತೇನೆ ಎಂದೆ. ತಾವು ಅದನ್ನು ಕಮಿಟಿಯ ಮುಂದಿಟ್ಟಿರಂತೆ, ಕಮಿಟಿಯವರು ಚಾಪೆಯ ಅಗಲ ಕೇಳಿದರಂತೆ. ಕಡೆಗೆ ತಾವು, "ಅಜ್ಜೀ, ರಸ್ತೆ ಬದಲಾಯಿಸೋದು ಯಾಕೆ, ಚಕ್ರ ಬದಲಾಯಿಸೋಣ" ಎಂದು ತಮ್ಮ ಸೈಕಲ್ ಮೇಸ್ತ್ರಿಯನ್ನು ಕಳಿಸಿದಿರಿ. ನಾನು, ಬೇರೆ ಯಾರೂ ಅಲ್ಲ ನಾನೇ, ಡಾಂಬರು ಬರುವ ತನಕ ಇರಲಿ ಎಂದು ಒಪ್ಪಿಕೊಂಡೆ. ಮೇಸ್ತ್ರಿಯು ಕುರ್ಚಿಗೆ ಗ್ರಾವೆಲ್ ಟೈರು ಹಾಕಿ, ಮುಂದಿನ ಪುಟ್ಟ ಚಕ್ರಗಳನ್ನು ಕಿತ್ತು ದೊಡ್ಡದೊಂದು ಜೋಡಿಸಿ, ಕೈಗೆ ಬ್ರೇಕು ಕೊಟ್ಟ.

ಮಾನ್ಯರೇ, ಆಕೆ ಮೂವತ್ತು ವರ್ಷ ಇಸ್ತ್ರಿ ಅಂಗಡಿ ನಡೆಸಿದವಳು. ದಿನಕ್ಕೆ ನೂರು ಬಟ್ಟೆಯ ಮೇಲೆ ಕೆಂಡದ ಪೆಟ್ಟಿಗೆ ತಳ್ಳಿದ ತೋಳು ಎಂಥದ್ದೆಂದು ತಾವು ಯೋಚಿಸಬೇಕಿತ್ತು, ನಾನಂತೂ ಯೋಚಿಸಬೇಕೇ ಇತ್ತು. ಮೊದಲ ದಿನ ನಾನೂರು ಹೆಜ್ಜೆ ದಾಟಿ ನನ್ನ ಮನೆಗೆ ಬಂದಳು. ನಾನು ಅತ್ತುಬಿಟ್ಟೆ. ಎರಡನೇ ದಿನವೂ ಬಂದಳು. ಮೂರನೇ ದಿನ ನನ್ನ ಮನೆಯ ಕಡೆ ತಿರುಗದೆ ಗುಡ್ಡದ ಕಡೆಗೆ ಹೋದಳು. ಆ ವಾರವೇ ಗುಡ್ಡ ಹತ್ತಿ, ಇಳಿಜಾರಿನಲ್ಲಿ ತಮ್ಮ ಖಜಾಂಚಿಯನ್ನು ಹಿಂದೆ ಹಾಕಿದಳಂತೆ. ಈಗ ತಮ್ಮ ಸಂಘದ ನಲವತ್ತೆರಡನೆಯವಳು. ತಲೆಗೆ ಹಳದಿ ಹೆಲ್ಮೆಟ್ಟು, ಕಣ್ಣಿಗೆ ಕಪ್ಪು ಕನ್ನಡಕ, ಗೋಡೆಯಲ್ಲಿ ನನ್ನ ಮೈದುನನ ಫೋಟೋಗೆ ಮೆಡಲಿನ ಹಾರ. ನಾಲ್ಕು ಗಂಟೆಗೆ ನಾನು ಮಂಡಿ ಹಿಡಿದು ಹೋದರೆ ಬಾಗಿಲಿಗೆ ಬೀಗ. ಮನೆಗೆ ವಾಪಸು ಬಂದು ಲಡಿಯನ್ನು ನನ್ನ ಮರದ ಕುರ್ಚಿಯ ಬೆನ್ನಿಗೆ ತೊಡಿಸಿ ಸುತ್ತಿಕೊಂಡೆ. ಕುರ್ಚಿ ಅಲುಗಲಿಲ್ಲ, ಎದುರು ಮಾತೂ ಆಡಲಿಲ್ಲ. ಒಂದು ದಿನ ಹಿಡಿದು ನಿಲ್ಲಿಸಿ ಕೇಳಿದ್ದಕ್ಕೆ, "ಡಾಂಬರಿನ ಮೇಲೆ ಏನಿರತ್ತಕ್ಕಾ, ಬರೀ ಹೋಗೋದು ಬರೋದು. ಜಲ್ಲಿಯಲ್ಲಿ ಒಂದೊಂದು ಕಲ್ಲೂ ಮಾತಾಡತ್ತೆ" ಎಂದಳು. ನಲವತ್ತು ವರ್ಷ ನಾನು ಮಾತಾಡಿದ್ದು ಆಕೆಗೆ ಸಾಲದೇ ಹೋಯಿತು, ಕಲ್ಲಿನ ಮಾತು ಕೇಳಲು ಹೊರಟಿದ್ದಾಳೆ.

ಈಗ ಇಂಜಿನಿಯರು, ರಸ್ತೆ ಎಂದೆಂದಿಗೂ ಜಲ್ಲಿಯಾಗಿಯೇ ಇರಬೇಕಾದರೆ ಎರಡೂ ಮನೆಯವರ ಒಪ್ಪಿಗೆ ಬೇಕು ಎಂದಿದ್ದಾರೆಂದೂ, ವಾರಗಿತ್ತಿಯ ಸಹಿ ಆಗಿದೆಯೆಂದೂ, ನನ್ನದೊಂದು ಬಾಕಿಯೆಂದೂ ತಾವು ಕಾಗದ ಕಳಿಸಿದ್ದೀರಿ, ಜೊತೆಗೆ ಉಡುಗೊರೆಯಾಗಿ ಒಂದು ಹೆಲ್ಮೆಟ್ಟು. ಹೆಲ್ಮೆಟ್ಟಿನಲ್ಲಿ ಉಣ್ಣೆಯ ಉಂಡೆಗಳು ಚೆನ್ನಾಗಿ ಕೂರುತ್ತವೆ, ಉಪಕಾರವಾಯಿತು. ಕಾಗದಕ್ಕೆ ನಾನಿನ್ನೂ ಸಹಿ ಹಾಕಿಲ್ಲ. ಹಾಕುವುದಿಲ್ಲ ಎಂದೂ ಹೇಳಿಲ್ಲ, ಯೋಚಿಸುತ್ತಿದ್ದೇನೆ ಎಂದಿದ್ದೇನೆ. ಅಂದಿನಿಂದ ನನ್ನ ವಾರಗಿತ್ತಿ ನನ್ನನ್ನು ಒಪ್ಪಿಸಲೆಂದು ದಿನಾ ನಾಲ್ಕು ಗಂಟೆಗೆ ಸರಿಯಾಗಿ ನನ್ನ ಮನೆಗೆ ಬರುತ್ತಾಳೆ. ಬಂದ ಕೂಡಲೇ ಕೈಗೆ ಲಡಿ ತೊಡಿಸುತ್ತೇನೆ. "ನಿಂದು ಬರೀ ಹಟ ಅಕ್ಕಾ!" ಎನ್ನುತ್ತಾಳೆ, ನಾನು ಎಳೆ ಎಳೆಯುತ್ತೇನೆ. ಉಂಡೆ ಮುಗಿಯುವಾಗ, ನಾಳೆ ಬಾ, ನೋಡೋಣ ಎನ್ನುತ್ತೇನೆ. ಮನೆಯಲ್ಲಿ ಸದ್ಯ ಮೂವತ್ತಾರು ಲಡಿ ಇದೆ, ಇನ್ನೂ ತರಿಸಿದ್ದೇನೆ.

ಆದಕಾರಣ ತಾವು ಬೇಸರಿಸದೆ ಜ್ಞಾಪನಪತ್ರ ಕಳಿಸುತ್ತಲೇ ಇರಬೇಕೆಂದೂ, ನನ್ನ ಹಟಮಾರಿತನದ ಬಗ್ಗೆ ಆಕೆಯ ಹತ್ತಿರ ಇನ್ನಷ್ಟು ದೂರಬೇಕೆಂದೂ, ಯಾವ ಕಾರಣಕ್ಕೂ ಒಬ್ಬರೇ ಬಂದು ನನ್ನನ್ನು ಒಪ್ಪಿಸಿಬಿಡಬಾರದೆಂದೂ ಕೈಮುಗಿದು ಕೋರುತ್ತೇನೆ. ನನ್ನ ತೀರ್ಮಾನವನ್ನು ಹತ್ತು ಹನ್ನೆರಡು ವರ್ಷದೊಳಗೆ ತಿಳಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ, ತಮ್ಮ ಸಂಘದ ನಲವತ್ತೆರಡನೆಯವಳ ಅಕ್ಕ.

ತಾ.ಕ.: ಆಕೆಗೆ ದೂರದ ಗುಡ್ಡ ಕಾಣುತ್ತದೆ, ಹತ್ತಿರದ ಅಕ್ಷರ ಮಂಜು, ಪತ್ರಿಕೆಯನ್ನು ಓದಿ ಹೇಳುವವಳು ನಾನೇ, ಈ ಪುಟವನ್ನು ಹಾರಿಸಿ ಓದುತ್ತೇನೆ. ತಾವು ಬಾಯಿ ತಪ್ಪಿ ಇದನ್ನು ಆಕೆಗೆ ಓದಿ ಹೇಳಿದ್ದೇ ಆದರೆ ಅದೇ ದಿನ ಸಹಿ ಹಾಕಿ ಕಳಿಸುತ್ತೇನೆ, ಡಾಂಬರಿನ ಹೊಸ ಅರ್ಜಿಗೆ.