ನನ್ನ ಕೋಡಿನೊಳಗಿನ ಮಂಡಕ್ಕಿ

ಮರಾಠಿ ಸೀಮೆಯ ಖರಾಡಿಯಲ್ಲಿರುವ ನಮ್ಮ ಸಾಫ್ಟ್‌ವೇರ್ ಆಫೀಸಿನಲ್ಲಿ ನಗುವುದಕ್ಕೆ ಬೇರೆ ಏರ್ಪಾಡು ಬೇಕಿಲ್ಲ. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಬಳಸಲಿ ಅಂದರೆ ಸಾಕು.

ಮಾಮಾನ ಪ್ರಶ್ನೆ

ಗಿರಾಕಿಗಳ ಆರ್ಡರನ್ನು ಪರದೆಯ ಮೇಲೆ ಅಚ್ಚುಕಟ್ಟಾಗಿ ತೋರಿಸುವ ಒಂದು ಕಾಂಪೊನೆಂಟ್ ಬರೆದೆ. ಯಾವ ಟೀಮಿನವರಾದರೂ ತಮ್ಮ ಸಾಫ್ಟ್‌ವೇರಿಗೆ ಜೋಡಿಸಿಕೊಳ್ಳಬಹುದು. ಹೆಮ್ಮೆ ತಡೆಯಲಾರದೆ, ಇದೇ ಊರಿನ ಸದಾಶಿವ ಪೇಠದಲ್ಲಿ ಸೀರೆ ಅಂಗಡಿ ಇಟ್ಟಿರುವ ಸೋದರಮಾವನಿಗೆ ಹೇಳಿದೆ: "ಮಾಮಾ, ಒಮ್ಮೆ ಬರದಿಟ್ಟೇನಿ. ಇನ್ನ ಯಾರೂ ಮತ್ತ ಬರಿಯೂದು ಬ್ಯಾಡ."

ಮಾಮಾ ಸೀರೆ ಮಡಚುತ್ತಲೇ ಕೇಳಿದ: "ಹಂಗಾರ ಮುಂದಿನ ತಿಂಗಳಿಂದ ನಿನಗ ಪಗಾರ ಯಾಕ ಕೊಡ್ತಾರವಾ?"

ಓದುವವರು ಯಾರು?

ಬಳಸುವ ಕ್ರಮವನ್ನೂ ಉದಾಹರಣೆ ಸಮೇತ ಬರೆದಿಟ್ಟೆ. ಸಂಜೆ ಹೊತ್ತು, ಹೊಟ್ಟೆ ಹಸಿದಿತ್ತು. ಆ ಉದಾಹರಣೆಯ ಕೋಡಿನೊಳಗೆ ಮಾದರಿ ಆರ್ಡರ್ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ "ಮಂಡಕ್ಕಿ ಎರಡು ಪ್ಲೇಟ್, ಉಳ್ಳಾಗಡ್ಡಿ ಜಾಸ್ತಿ" ಎಂದು ಹಾಕಿ, ಬಳಸುವ ಮುಂಚೆ ಅದನ್ನು ತೆಗೆಯಿರಿ ಅಂತಲೂ ಕೆಳಗೆ ಬರೆದೆ.

ಪಕ್ಕದ ಟೀಮಿನ ಮೈಸೂರಿನ ಎಂಜಿನಿಯರ್ ನೋಡಿ ಮೂಗು ಮುರಿದರು. "ಚೆನ್ನಾಗಿದೆ ಮೇಡಂ. ಆದ್ರೆ ನಮ್ ರಿಕ್ವೈರ್‌ಮೆಂಟೇ ಬೇರೆ. ನಾನೇ ಬರ್ಕೋತೀನಿ."

"ಏನ್ ಬ್ಯಾರೆ ಅದ ರೀ?"

"ನಿಮ್ದು ಹಸಿರು, ನಮಗೆ ನೀಲಿ ಬೇಕು."

"ಬಣ್ಣ ಬದಲಿಸೂದು ಮೊದಲನೇ ಸಾಲಿನಾಗ ಬರದೇನಲ್ರೀ!"

"ಡಾಕ್ಯುಮೆಂಟೆಲ್ಲ ಯಾರ್ ಓದ್ತಾರೆ ಮೇಡಂ?"

ಡೆಮೊ

ನಮ್ಮ ಮ್ಯಾನೇಜರ್ ಸೊಲ್ಲಾಪುರದ ಕನ್ನಡಿಗರು. ಒಂದು ದಿನ ಕರೆದು ಹೇಳಿದರು: "ನಿಮ್ಮ ಕಾಂಪೊನೆಂಟ್ ಯಾರೂ ಬಳಸವಲ್ರು ರೀ. ಶುಕ್ರವಾರದ ಡೆಮೊ ಮುಗೀಲಿ, ತೆಗೆದು ಹಾಕೂಣು." ನನಗೆ ಅಳುವೇ ಬಂತು. ಎಷ್ಟು ಮುದ್ದಾಗಿ ಬರೆದದ್ದು ಅದು!

ಶುಕ್ರವಾರ ಡೆಮೊ ನೋಡಲು ನಮ್ಮ ಗಿರಾಕಿ, ಒಂದು ಪಂಪ್ ಕಂಪನಿಯ ಮರಾಠಿ ಮಾಲೀಕರು ಬಂದು ಕೂತರು. ಮೈಸೂರಿನವರು "ಪೂರ್ತಿ ನಾನೇ ಬರೆದದ್ದು" ಎನ್ನುತ್ತ ನೀಲಿ ಪರದೆ ತೆರೆದರು. ಮೊದಲ ಆರ್ಡರ್, ಪಂಪು. ಎರಡನೆಯದೂ ಪಂಪು. ಮೂರನೆಯದು ಮಂಡಕ್ಕಿ ಎರಡು ಪ್ಲೇಟ್, ಉಳ್ಳಾಗಡ್ಡಿ ಜಾಸ್ತಿ.

ಮಾಲೀಕರು ಕನ್ನಡಕ ಏರಿಸಿ ಮರಾಠಿಯಲ್ಲಿ ಕೇಳಿದರು: "ಈ ಮಂಡಕ್ಕಿ ನಮ್ಮ ಯಾವ ಮಾಡೆಲ್?"

ಮ್ಯಾನೇಜರ್ ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಎದೆಯುಬ್ಬಿಸಿ ಹೇಳಿದೆ: "ಹೌದ್ರಿ, ಅದು ನನ್ನ ಆರ್ಡರ್!"

ಆಮೇಲೆ ಹುಡುಕಿದರೆ ಎಲ್ಲ ಟೀಮುಗಳ ಕೋಡಿನಲ್ಲೂ ಮಂಡಕ್ಕಿಯೇ. ಪ್ರತಿಯೊಬ್ಬರೂ ನನ್ನದನ್ನು ಸದ್ದಿಲ್ಲದೆ ಕಾಪಿ ಹೊಡೆದು ತಮ್ಮದೆಂದು ಹೆಸರಿಟ್ಟಿದ್ದರು! ತೆಗೆದು ಹಾಕುವ ಮಾತು ಅಲ್ಲಿಗೇ ಮುಗಿಯಿತು. ಇನ್ನು ಮೇಲೆ ಎಲ್ಲರೂ ಇದನ್ನೇ ಬಳಸಬೇಕು ಎಂದು ಮ್ಯಾನೇಜರ್ ಹುಕುಂ ಹೊರಡಿಸಿದರು. ಆ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಸಂಜೆ ಚಹಾದ ಹೊತ್ತಿಗೆ ಮೈಸೂರಿನವರನ್ನು ಹಿಡಿದು ಕೆಣಕಿದೆ: "ಡಾಕ್ಯುಮೆಂಟ್ ಯಾರೂ ಓದೂದಿಲ್ಲ ಅಂದಿದ್ರಲ್ರೀ?"

"ಈಗ್ಲೂ ಓದಿಲ್ಲ ಮೇಡಂ," ಅಂದರು ಅವರು. "ಓದಿದ್ದಿದ್ರೆ ಮಂಡಕ್ಕಿ ತೆಗೀತಿರ್ಲಿಲ್ವಾ?"