ಗಲ್ಲಿಯಲ್ಲಿ ನಾನೂರು ಕುದುರೆ

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ, ಅವನ ಲಾಯದಲ್ಲಿ ನಾನೂರು ಕುದುರೆಗಳಿದ್ದವು ಎಂದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ, ಹೂಂಗುಟ್ಟುತ್ತಾರೆ. ಆದರೆ ಒಂದಾನೊಂದು ಗಲ್ಲಿಯಲ್ಲಿ ಒಬ್ಬ ಲೈಬ್ರರಿಯವನಿದ್ದ, ಅಪ್ಪ ಬಿಟ್ಟುಹೋದ ಸೈಟು ಮಾರಿ ನಾನೂರು ಕುದುರೆಗಳ ಬಲದ ಕೆಂಪು ಕಾರು ತಂದ ಎಂದರೆ, ಗಲ್ಲಿಗೆ ಗಲ್ಲಿಯೇ ಯಾಕೆ ಎಂದು ಕೇಳಿತು.

ಯಾಕೆಂದರೆ, ಇಷ್ಟು ವರ್ಷವೂ ಲೈಬ್ರರಿಯಲ್ಲಿ ಅವನು ಆಡಿದ್ದು ಒಂದೇ ಮಾತು: "ಶ್!" ಯಾರಾದರೂ ಕೆಮ್ಮಿದರೂ ಸಹಿಸದ ಆ ಮನುಷ್ಯನ ಎದೆಯೊಳಗೆ ಒಂದು ಗುಡುಗು ಬಚ್ಚಿಟ್ಟುಕೊಂಡಿತ್ತು.

"ಲೀಟರಿಗೆ ಎಷ್ಟು ಕೊಡುತ್ತೆ?" ಎಂದರು ಎದುರುಮನೆಯ ರಿಟೈರಾದ ಬಸ್ ಡ್ರೈವರು.

"ಐದು."

"ಐವತ್ತಾ?"

"ಐದು, ಸಾರ್."

ಡ್ರೈವರು ಸಾವಿನ ಮನೆಗೆ ಬಂದವರಂತೆ ಅವನ ಭುಜ ತಟ್ಟಿದರು.

"ಕುದುರೆ ನಾನೂರು ಅಂದ್ಮೇಲೆ ಹುಲ್ಲು ಬೇಡ್ವಾ?" ಎಂದಳು ಪಕ್ಕದ ಮನೆಯ ಟೈಲರಕ್ಕ. "ಲದ್ದಿ ಹಾಕಲ್ಲ, ಅಷ್ಟೇ ಲಾಭ."

ಹಲ್ಲು ಬರುತ್ತಿದ್ದ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಹೆಂಡತಿ ಹೊರಗೆ ಬಂದಳು. ಅದು ಕಿರುಚಿ ಕಿರುಚಿ ಮೂರು ದಿನದಿಂದ ತಾನೂ ಮಲಗಿರಲಿಲ್ಲ, ಮನೆಯವರನ್ನೂ ಮಲಗಿಸಿರಲಿಲ್ಲ.

"ನೋಡ್ರೀ, ಇವತ್ತು ಸಂಜೆಯೊಳಗೆ ಈ ಗಾಡಿ ಮನೆಗೆ ಒಂದೇ ಒಂದು ಉಪಕಾರ ಮಾಡಿ ತೋರಿಸ್ಲಿ. ಇಲ್ಲಾಂದ್ರೆ ನಾಳೆನೇ ಶೋರೂಮಿಗೆ ವಾಪಸ್!"

"ಒಂದ್ಯಾಕೆ, ಹತ್ತು ಮಾಡುತ್ತೆ. ನೋಡ್ತಿರು!"

ಮೊದಲಿಗೆ ಅಂಗಡಿಯಿಂದ ಹೊಸ ಹಾಸಿಗೆ ತರಲು ಹೋದ. ಡಿಕ್ಕಿಯಲ್ಲಿ ಹಿಡಿಸಿದ್ದು ದಿಂಬು ಮಾತ್ರ. ಹಾಸಿಗೆ ಕೈಗಾಡಿ ಏರಿತು. ಅದನ್ನು ದಾಟಲು ಗಲ್ಲಿಯಲ್ಲಿ ಜಾಗವಿಲ್ಲದೆ ನಾನೂರು ಕುದುರೆಗಳು ಕೈಗಾಡಿಯ ಹಿಂದೆ ಬಾಲ ಮುದುರಿಕೊಂಡು ಬಂದವು.

ಆಮೇಲೆ ಮಂಡಿನೋವಿನ ಅತ್ತೆ ನೆನಪಾದರು. "ಬನ್ನಿ ಅತ್ತೆ, ಡಾಕ್ಟರ ಹತ್ರ ಗಾಳಿ ಹಾಗೆ ಹೋಗಿಬರೋಣ."

ಅತ್ತೆ ಬಾವಿಗಿಳಿದ ಕೊಡದಂತೆ ಸೀಟಿನೊಳಗೆ ಇಳಿದರು. ಇಳಿದದ್ದೇ, "ಅಯ್ಯೋ ಅಳಿಯಂದ್ರೇ, ನೆಲದ ಮೇಲೇ ಕೂರಿಸಿದ್ರಲ್ಲ! ಮಂಡಿ ಹಿಡ್ಕೊಳ್ತು! ಎಬ್ಬಿಸಿ ನನ್ನ!"

ಎಬ್ಬಿಸುವುದು ಹೇಗೆ? ಡ್ರೈವರು ಒಂದು ಕೈ ಎಳೆದರು. ಟೈಲರಕ್ಕ ಆ ಕಡೆಯಿಂದ ನೂಕಿದಳು. ಹೆಂಡತಿ ಇನ್ನೊಂದು ಕೈ ಎಳೆಯಲೆಂದು ಮಗುವನ್ನು ಅಮ್ಮನ ಮಡಿಲಿಗೇ ಹಾಕಿದಳು. ಅತ್ತೆ ಅಲ್ಲಾಡಲಿಲ್ಲ, ಮಗು ಮುಗಿಲು ಹರಿಯುವಂತೆ ಅತ್ತಿತು. ಅಷ್ಟರಲ್ಲಿ ಸಂಜೆಯೂ ಆಯಿತು.

"ನಾಳೆ ಶೋರೂಮಿನವರೇ ಬಂದು ಇಳಿಸ್ಲಿ, ಗಾಡಿ ಜೊತೆ ಅಮ್ಮನ್ನೂ ಕಳಿಸೋಣ!" ಎಂದಳು ಹೆಂಡತಿ.

"ಬೇಡ, ಡಾಕ್ಟರೇ ಇಳಿಸ್ಲಿ" ಎಂದು ಲೈಬ್ರರಿಯವನು ಅಳುಮುಖದಲ್ಲಿ ಕೀಲಿ ತಿರುಗಿಸಿದ.

ಗುಡುಡುಡು ಎಂದಿತು ಕಾರು. ಕಿಟಕಿಗಳು ನಡುಗಿದವು, ಎಲ್ಲರೂ ಕಿವಿ ಮುಚ್ಚಿಕೊಂಡರು.

ಮಗು ಮಾತ್ರ ಒಮ್ಮೆ ಬಿಕ್ಕಿತು. ಹೆಬ್ಬೆರಳು ಬಾಯಿಗೆ ಹೋಯಿತು. ಕಣ್ಣು ಮುಚ್ಚಿತು.

ಅವನು ಗಾಬರಿಯಲ್ಲಿ ಎಂಜಿನ್ ಆರಿಸಿದ. ಮಗು ಕಿಟಾರನೆ ಕಿರುಚಿತು. ಮತ್ತೆ ಹಚ್ಚಿದ. ಮಲಗಿತು. ಗೇರಿಗೆ ಕೈ ಹಾಕಿದ. ಕಾರು ಕುಲುಕಿತು, ಮಗು ಹುಬ್ಬು ಗಂಟಿಕ್ಕಿತು.

"ಮುಟ್ಬೇಡಿ!" ಎಂದು ಪಿಸುಗುಟ್ಟಿದರು ಅತ್ತೆ.

"ಮತ್ತೆ ಮಂಡಿ?"

"ಮಂಡಿ ಹಾಳಾಗ್ಲಿ, ಮೊದ್ಲು ನಿದ್ದೆ" ಎಂದು ಅವರೂ ತೂಕಡಿಸಿದರು.

ಹೆಂಡತಿ ಕಿಟಕಿಗೆ ಬಗ್ಗಿದಳು. ಮದುವೆಯಾದ ಹೊಸತರಲ್ಲಿ ನೋಡುತ್ತಿದ್ದ ಹಾಗೆ ನೋಡಿದಳು. "ಇರ್ಲಿ ರೀ ಗಾಡಿ. ಕೊಟ್ಟ ದುಡ್ಡಿಗೆ ಮೋಸ ಇಲ್ಲ."

ಅವನಿಗೆ ಸ್ವರ್ಗ ಮೂರೇ ಗೇಣು. "ನೋಡಿದ್ಯಾ! ನಾಳೆ ಹೆದ್ದಾರೀಲಿ ಒಂದು ರೌಂಡು..."

"ಶ್!" ಎಂದಿತು ಇಡೀ ಗಲ್ಲಿ.

"ನಾಳೆಯಿಂದ ಲೈಬ್ರರಿ ಮುಗಿಸಿ ಬಂದ ತಕ್ಷಣ ಹೀಗೇ ಕೂತ್ಕೋಬೇಕು, ಆಯ್ತಾ?" ಎಂದಳು ಹೆಂಡತಿ, ಇನ್ನೂ ಮೆಲ್ಲಗೆ. ಟೈಲರಕ್ಕ ಆಗಲೇ ತನ್ನ ಮನೆಯ ಮೊಮ್ಮಗುವನ್ನು ಎತ್ತಿಕೊಂಡು ತುದಿಗಾಲಲ್ಲಿ ಬರುತ್ತಿದ್ದಳು. "ಹಿಂದಿನ ಸೀಟು ಖಾಲಿ ಇದ್ಯಲ್ಲ?"

ನಾನೂರು ಕುದುರೆಗಳು ನಿಂತಲ್ಲೇ ಜೋಗುಳ ಹಾಡಿದವು. ಪೆಟ್ರೋಲಿನ ಮುಳ್ಳು ನಿದ್ದೆಗಣ್ಣಿನ ರೆಪ್ಪೆಯಂತೆ ಮೆಲ್ಲಗೆ ಇಳಿಯಿತು. ಸ್ಟೀರಿಂಗ್ ಹಿಡಿದು ಕೂತವನಿಗೆ ಕೆಮ್ಮು ಬಂತು.

ನುಂಗಿಕೊಂಡ. ಮಗು ಮಲಗಿತ್ತು.