ಹೆಡ್‌ಮಿಸ್ಸು ಕುಣಿಗಲ್‌ಗೆ ನಡೆದದ್ದು

ಯಾರಾದರೂ ಒಳ್ಳೇ ಕೆಲಸಕ್ಕೆ ಹೊರಟರೆ ಸಾಕು, ದಾರಿಯುದ್ದಕ್ಕೂ ನಗು ತಾನಾಗಿಯೇ ಬಂದು ಜೊತೆ ಸೇರಿಕೊಳ್ಳುತ್ತದೆ. ಎಂಬತ್ತರ ದಶಕದ ಮಾತು. ಗುಬ್ಬಿಯ ಶಾಲೆಯಲ್ಲಿ ನಾನಾಗ ಹೊಸ ಮೇಷ್ಟ್ರು. ಕಡ್ಲೆಕಾಯಿ ಕಟ್ಟಿಕೊಟ್ಟ ಪೇಪರನ್ನು ಮಕ್ಕಳು ಕಿತ್ತಾಡಿಕೊಂಡು ಓದುವುದನ್ನು ನಮ್ಮ ಹೆಡ್‌ಮಿಸ್ಸು ಒಂದು ದಿನ ನೋಡಿದರು.

"ಇವಕ್ಕೆ ಕಥೆಪುಸ್ತಕ ಬೇಕು ಕಣ್ರೀ ಮೇಷ್ಟ್ರೇ. ಕುಣಿಗಲ್ ತನಕ ನಡೀತೀನಿ, ದಾರೀಲಿ ಜನ ಕೊಟ್ಟಷ್ಟು ಕೊಡ್ಲಿ" ಅಂದರು. ರಿಟೈರಾಗಲು ಹತ್ತಿರವಿದ್ದ, ಮಂಡಿನೋವಿನ ಹೆಂಗಸು. ಕಾಸಿನ ಡಬ್ಬಿ ಹಿಡಿದು ಹಿಂದೆ ಹೊರಟವನು ನಾನು.

ಬಸ್ಸು

ಗುಬ್ಬಿ ದಾಟುತ್ತಲೇ ತೋಟದಿಂದ ಒಬ್ಬ ಯಜಮಾನರು ಓಡಿ ಬಂದರು. "ಯಾಕವ್ವಾ ನಡ್ಕೊಂಡು ಹೋಯ್ತಿದೀರಾ? ಬಸ್‌ಚಾರ್ಜಿಗೆ ಕಾಸಿಲ್ವಾ?"

"ಮಕ್ಕಳ ಪುಸ್ತಕಕ್ಕೆ ಕಾಸು ಬೇಕು ಯಜಮಾನ್ರೇ, ಅದಕ್ಕೇ ನಡೀತಿದೀನಿ."

ಅವರಿಗೆ 'ಕಾಸು ಬೇಕು' ಅನ್ನುವುದಷ್ಟೇ ಕೇಳಿಸಿತು. ರಸ್ತೆಗೆ ಅಡ್ಡ ನಿಂತು ಬಸ್ಸು ನಿಲ್ಲಿಸಿ, "ಹತ್ತವ್ವಾ" ಅಂದರು. ಮೇಡಂ ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡು ಮುಂದಿನ ಬಾಗಿಲಲ್ಲಿ ಹತ್ತಿದರು, ಸೀಟುಸೀಟಿಗೂ ಡಬ್ಬಿ ಅಲ್ಲಾಡಿಸಿದರು, ಹಿಂದಿನ ಬಾಗಿಲಲ್ಲಿ ಇಳಿದು ನಡೆದೇಬಿಟ್ಟರು. ತನ್ನ ಜೇಬಿನದನ್ನೂ ಡಬ್ಬಿಗೆ ಹಾಕಿದ್ದ ಕಂಡಕ್ಟರು ತಲೆ ಕೆರೆದುಕೊಂಡ: "ಇಷ್ಟು ವರ್ಷ ನಾನು ಟಿಕೆಟ್ ಹರೀತಿದ್ದೆ, ಇವತ್ತು ನಂಗೇ ಹರಿದೋದ್ರಲ್ಲಪ್ಪ!"

ಚಪ್ಪಲಿ

ತುಮಕೂರಲ್ಲಿ ರಾತ್ರಿ ತಂಗಿದ್ದು ಬೆಳಿಗ್ಗೆ ಹೊರಟರೆ ಮೇಡಂ ಚಪ್ಪಲಿ ಕಿತ್ತುಹೋಯಿತು. ಚಪ್ಪಲಿ ಅಂಗಡಿ ಸಾಹೇಬರು ವಿಷಯ ಕೇಳಿ ಹೊಸ ಜೊತೆಯನ್ನೇ ತಂದಿಟ್ಟರು. "ಮಕ್ಕಳ ಓದಿಗೆ ನಡೀತಿದೀರಾ, ದುಡ್ಡಿನ ಮಾತು ಬೇಡ ಮೇಡಂ."

ಕೆಂಪು ಹೂವಿದ್ದ ಚೆಂದದ ಚಪ್ಪಲಿ. ಹೊಸದಲ್ಲವೇ, ಊರು ದಾಟುವಷ್ಟರಲ್ಲಿ ಕಚ್ಚತೊಡಗಿತು. ಮೇಡಂ ನಿಂತು ನನ್ನ ಸವೆದ ಹವಾಯಿ ಚಪ್ಪಲಿ ನೋಡಿದರು. "ಮೇಷ್ಟ್ರೇ, ನಿಮ್ದು ಪಳಗಿದೆ ಅಲ್ವಾ?"

ಹೆಬ್ಬೂರಲ್ಲಿ ಜನ ಅವರನ್ನು ನೋಡಲೇ ಇಲ್ಲ. ನನ್ನ ಕಾಲಲ್ಲಿದ್ದ ಕೆಂಪು ಹೂವಿನ ಚಪ್ಪಲಿ ನೋಡಿ ಬಿದ್ದು ಬಿದ್ದು ನಕ್ಕರು. ಮೇಡಂ ಡಬ್ಬಿ ಮುಂದೊಡ್ಡಿದರು: "ಪುಕ್ಕಟೆ ನಗ್ಬೇಡ್ರಪ್ಪ."

ಜೀಪು

ನಾವು ಹೊರಡುವಾಗಲೇ ನಮ್ಮೂರಿನ ಮಿಲ್ ಮಾಲೀಕರು, "ನಡೆದೇ ಮುಟ್ಟಿದ್ರೆ ಒಂದು ಬೀರು ತುಂಬ ಪುಸ್ತಕ ಕೊಡಿಸ್ತೀನಿ. ಗಾಡಿ ಹತ್ತಿ ಬಂದ್ರೆ ಒಂದೂ ಇಲ್ಲ" ಅಂದಿದ್ದರು. ನಿಜವಾಗಿ ನಡೀತಾರಾ ಅಂತ ನೋಡಲು ಹೆಬ್ಬೂರಿನಾಚೆ ಜೀಪಿನಲ್ಲಿ ಬಂದೇ ಬಂದರು. ಅಷ್ಟೊತ್ತಿಗೆ ಮೇಡಂ ಮಂಡಿ ಊದಿತ್ತು. ನೋಡಲಾರದೆ, "ಸಾಕು ಮೇಡಂ, ಹತ್ತಿ" ಅಂದೆ.

"ಮಗು ಅಕ್ಷರ ತಿದ್ದೋವಾಗ ಕೈ ನೋಯುತ್ತೆ ಅಂದ್ರೆ ಬಿಡ್ತೀರಾ?" ಅಂದು ಮುಂದೆ ನಡೆದರು.

ಅವರ ಹಿಂದೆ ತೆವಳಿ ತೆವಳಿ ಜೀಪು ಕುಣಿಗಲ್ ಹೊರಗೆ ಕೆಟ್ಟು ನಿಂತಿತು. ಡ್ರೈವರ್‌ನನ್ನು ಸ್ಟೇರಿಂಗ್ ಮುಂದೆ ಬಿಟ್ಟು ಮಾಲೀಕರೂ ನಾನೂ ತಳ್ಳಿದೆವು. ಅಲ್ಲಾಡಲಿಲ್ಲ. ಮೇಡಂ ಸೆರಗು ಸಿಕ್ಕಿಸಿಕೊಂಡು ಬಂದರು. "ಹತ್ತಬಾರದು ಅಂದ್ರಿ, ತಳ್ಳಬಾರದು ಅಂದಿಲ್ವಲ್ಲ?"

ಮೂವರೂ ತಳ್ಳಿಕೊಂಡೇ ಪೇಟೆ ಸೇರಿದೆವು. ಅಲ್ಲಿ ಹಾರ ಹಿಡಿದು ನಿಂತಿದ್ದವರಲ್ಲಿ ಒಬ್ಬ ಕೂಗಿದ: "ನಡ್ಕೊಂಡು ಬರ್ತಾರೆ ಅಂದಿದ್ರು, ಗುಬ್ಬಿಯಿಂದ ಜೀಪೇ ತಳ್ಕೊಂಡು ಬಂದವ್ರಲ್ಲೋ!" ಚಪ್ಪಾಳೆಯೋ ಚಪ್ಪಾಳೆ. ಡಬ್ಬಿ ತುಂಬಿ ಟವಲ್ ಹಾಸಬೇಕಾಯಿತು.

ಮೇಡಂ ಗಾಬರಿಯಾಗಿ, "ಅಯ್ಯೋ ಇಲ್ಲಪ್ಪ, ಇಲ್ಲೇ ಊರಾಚೆಯಿಂದ ತಳ್ಳಿದ್ದು ಅಷ್ಟೆ!" ಅಂದರು.

ಅವನು ಕಣ್ಣೊರೆಸಿಕೊಂಡು ಪಕ್ಕದವರಿಗೆ ಹೇಳಿದ: "ನೋಡ್ರಲಾ, ಇಷ್ಟು ಮಾಡಿದ್ರೂ ಒಂಚೂರು ಜಂಬ ಐತಾ!"